ನನ್ನ ಭುಜದ ಮೇಲೆ ಬಿದ್ದ ಗಂಗೆ

ಮೊದಲು ಗೊತ್ತಾದದ್ದು ನೋವಲ್ಲ. ಒದ್ದೆ.

ಬೆನ್ನು, ಎದೆ, ಮಡಿಲು ಎಲ್ಲ ಒಮ್ಮೆಗೇ ತಣ್ಣಗಾದವು. ಯಾರೋ ಮೇಲಿಂದ ನೀರು ಸುರಿದರು ಅಂದುಕೊಂಡೆ. ಕಣ್ಣು ಬಿಟ್ಟರೆ ಗಾಡಿ ನಡುರಸ್ತೆಯಲ್ಲಿ ನಿಂತಿತ್ತು. ಅಡ್ಡ ಬಂದು ಬ್ರೇಕ್ ಹಾಕಿಸಿದ್ದ ನೀಲಗಾಯಿ, ಕಡವೆಯಷ್ಟು ದೊಡ್ಡ ಕಾಡುಪ್ರಾಣಿ, ಹೊಲದ ಕಡೆಗೆ ಓಡುತ್ತಿತ್ತು. ನನ್ನ ಕಾಲ ಬಳಿ ಒಂದು ಗೋಣಿಚೀಲ ಬಿದ್ದಿತ್ತು. ಅದರಿಂದ ಅರ್ಧ ಹೊರಗೆ ಬಂದ ತಾಮ್ರದ ಗಿಂಡಿಯೊಂದರ ಬೆಸುಗೆ ಬಿಟ್ಟು ನೀರು ಹರಿಯುತ್ತಿತ್ತು. ಅಯ್ಯೋ ಗಂಗೆ ಚೆಲ್ಲಿ ಹೋಗುತ್ತಿದೆಯಲ್ಲ ಎಂದು ಅದನ್ನು ನೆಟ್ಟಗೆ ಇಡಲು ಬಲಗೈ ಚಾಚಿದೆ.

ಕೈ ಬರಲಿಲ್ಲ.

ಇನ್ನೊಮ್ಮೆ ಚಾಚಿದೆ. ಕೈ ಮಡಿಲಲ್ಲೇ ಇತ್ತು. ಆಮೇಲೆ ಬಂತು ನೋವು, ಕುತ್ತಿಗೆಯಿಂದ ಬೆರಳ ತುದಿಯವರೆಗೆ.

ನಾವು ಹನುಮಾನ್ ಘಾಟಿನವರು. ಕರ್ನಾಟಕದಿಂದ ಕಾಶಿಗೆ ಬರುವವರಿಗೆ ನಮ್ಮವರು, ಅಂದರೆ ನನ್ನ ಯಜಮಾನರು, ಶ್ರಾದ್ಧ, ತರ್ಪಣ ಮಾಡಿಸುತ್ತಾರೆ. ನಾನು ಮಡಿಯಲ್ಲಿ ಅಡುಗೆ ಮಾಡುತ್ತೇನೆ. ಮಾಡುತ್ತಿದ್ದೆ ಎಂದು ತಿದ್ದಿ ಓದಿಕೊಳ್ಳಿ. ಆ ದಿನ ಹಾಸನದ ಕಡೆಯ ಒಂದು ದೊಡ್ಡ ಕುಟುಂಬವನ್ನು ಪ್ರಯಾಗಕ್ಕೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಶ್ರಾದ್ಧ ಮುಗಿಸಿ, ನನ್ನ ಅಡುಗೆ ಉಂಡು, ಸಂಗಮದ ನೀರನ್ನು ಗಿಂಡಿಗಳಲ್ಲಿ ತುಂಬಿಸಿ, ಬಾಯಿಗೆ ಬೆಸುಗೆ ಹಾಕಿಸಿ, ಟೆಂಪೋ ಟ್ರಾವೆಲರಿನಲ್ಲಿ ಕಾಶಿಗೆ ವಾಪಸು ಬರುತ್ತಿದ್ದೆವು. ಊರಿನ ನೆಂಟರಿಗೆಲ್ಲ ಹಂಚಬೇಕಲ್ಲ, ಗಿಂಡಿಗಳು ಒಂದು ಗೋಣಿಚೀಲದ ತುಂಬ ಆಗಿದ್ದವು.

ಹೊರಡುವಾಗ ಆ ಚೀಲವನ್ನು ಡ್ರೈವರ್ ಹಿಂದಿನ ಡಿಕ್ಕಿಗೆ ಹಾಕಲು ಹೋಗಿದ್ದ. "ಪಂಡಿತ್‌ಜೀ, ಭಾರೀ ಬಾ" ಎಂದು ಎರಡು ಸಲ ಹೇಳಿದ. ಭಾರ ಇದೆ, ಮೇಲಿಡುವುದು ಬೇಡ ಎಂದು. ಡಿಕ್ಕಿಯಲ್ಲಿ ಎಲ್ಲರ ಚಪ್ಪಲಿಗಳಿದ್ದವು, ಸ್ಟೆಪ್ನಿ ಇತ್ತು. ನಮ್ಮವರು ಅವನನ್ನು ತಡೆದರು. ಬಂದ ಯಾತ್ರಿಕರಿಗೆಲ್ಲ ಅವರು ತಪ್ಪದೆ ಹೇಳುವ ಮಾತೊಂದಿದೆ: ಗಂಗೆಯನ್ನು ಸೊಂಟದಿಂದ ಕೆಳಗೆ ಇಡಬಾರದು, ಕಾಲು ತಾಗಬಾರದು, ಚಪ್ಪಲಿಯ ಹತ್ತಿರವಂತೂ ಬರಲೇಬಾರದು. ರೈಲಿನಲ್ಲಾದರೂ ಅಷ್ಟೇ, ಬಸ್ಸಿನಲ್ಲಾದರೂ ಅಷ್ಟೇ. ಸೀಟಿನ ಮೇಲಿದ್ದ ಸಾಮಾನಿನ ಅಟ್ಟದ ಮೇಲೆ ತಾವೇ ನಿಂತು ಇಡಿಸಿದರು. ಆ ಅಟ್ಟದ ತಡೆಕಂಬಿ ಒಂದು ಕಡೆ ಕಿತ್ತು ಬಂದಿತ್ತು. ಅದನ್ನು ಪ್ಲಾಸ್ಟಿಕ್ ಹಗ್ಗದಿಂದ ಕಟ್ಟಿದ್ದರು. ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು, ನನಗೂ ಬಿದ್ದಿತ್ತು. ಅದರ ಕೆಳಗೆ ಖಾಲಿ ಇದ್ದ ಸೀಟಿನಲ್ಲಿ ಹೋಗಿ ಕೂತೆ. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದವಳು, ಕೂತ ಕೂಡಲೇ ನಿದ್ದೆ ಬಂತು.

ಗಾಡಿಯಲ್ಲಿ ಗದ್ದಲವಾಯಿತು. ಎಷ್ಟು ಗಿಂಡಿ ಒಡೆದವು ಎಂದು ಒಬ್ಬರು ನೋಡಿದರು. ಒಂದೇ ಎಂದು ಗೊತ್ತಾಗಿ ಸಮಾಧಾನಪಟ್ಟರು. ಆ ಕುಟುಂಬದ ಹಿರಿಯ ಹೆಂಗಸು ನನ್ನ ತಲೆ ಸವರಿ ಹೇಳಿದರು: "ಶಿವನ ತಲೆ ಮೇಲೆ ಇಳಿದವಳು ನಿಮ್ಮ ಮೇಲೂ ಇಳಿದಳು ಕಣ್ರಮ್ಮ. ಎಂಥ ಪುಣ್ಯ."

ಶಿವನಿಗೆ ಜಟೆ ಇತ್ತು. ನನಗೆ ಬೆರಳು ದಪ್ಪದ ಜಡೆ. ಹೇಳೋಣವೆಂದರೆ ಬಾಯಿಂದ ನರಳಾಟ ಬಿಟ್ಟು ಬೇರೇನೂ ಹೊರಡಲಿಲ್ಲ.

ಟ್ರಾಮಾ ಸೆಂಟರಿನಲ್ಲಿ ಸ್ಟ್ರೆಚರ್ ಸಿಗುವವರೆಗೆ ಗೋಡೆಗೆ ಒರಗಿ ನಿಂತಿದ್ದೆ. ರವಿಕೆಯನ್ನು ಕತ್ತರಿಯಿಂದ ಕತ್ತರಿಸಿದರು. ಯಾರು ಯಾರೋ ಮುಟ್ಟಿದರು. ಮದುವೆಯಾಗಿ ಬಂದಾಗಿನಿಂದ ಮಡಿ ಮಡಿ ಎಂದು ಮಗಳನ್ನೂ ದೂರ ನಿಲ್ಲಿಸಿದ್ದವಳು ನಾನು. ಅಲ್ಲಿ ಅದೊಂದೂ ನೆನಪಿಗೆ ಬರಲಿಲ್ಲ. ಮುಟ್ಟಿದರೂ ಸರಿ, ಆ ಕೈಯನ್ನು ಅಲ್ಲಾಡಿಸದಿದ್ದರೆ ಸಾಕಾಗಿತ್ತು.

ಚೀಟಿ ಬರೆಯುತ್ತಿದ್ದ ಡಾಕ್ಟರ್ ಹೇಗಾಯಿತು ಎಂದು ಕೇಳಿದರು. ಗಾಡಿಯಲ್ಲಿ ಆಗಿದ್ದರೆ ಎಂ.ಎಲ್.ಸಿ. ಮಾಡಬೇಕು, ಪೊಲೀಸರಿಗೆ ತಿಳಿಸಬೇಕು ಎಂದರು. ನಮ್ಮವರು, ಗಾಡಿ ಇಳಿಯುವಾಗ ಕಾಲು ಜಾರಿ ಬಿದ್ದಳು ಎಂದುಬಿಟ್ಟರು. ಯಾತ್ರಿಕರಿಗೆ ಮರುದಿನ ರೈಲಿತ್ತು. ಅವರನ್ನು ಪೊಲೀಸ್ ಠಾಣೆಗೆ ಅಲೆಸಿದರೆ ಮುಂದಿನ ಸಲ ಆ ಊರಿನವರು ನಮ್ಮ ಮನೆಗೆ ಬರುತ್ತಾರೆಯೇ? ಅವರ ಲೆಕ್ಕಾಚಾರ ನನಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಬಂತು. ಪಕ್ಕದಲ್ಲಿ ಮೂಳೆ ಮುರಿದು ಮಲಗಿದ್ದೇನೆ, ಇವರು ಮುಂದಿನ ವರ್ಷದ ಯಾತ್ರಿಕರನ್ನು ಯೋಚಿಸುತ್ತಿದ್ದಾರೆ.

ಅಷ್ಟು ಹೊತ್ತಿಗೆ ಮಗಳು ವೈದೇಹಿ ಬಂದಳು. ಸಾರನಾಥದಲ್ಲಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಅಲ್ಲಿಂದ ಆಟೋ ಹಿಡಿದು ಓಡಿ ಬಂದಿದ್ದಳು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಅವಳ ಕನ್ನಡದಲ್ಲಿ ಅರ್ಧ ಹಿಂದಿ.

"ಅಪ್ಪಾ, ಝೂಟ್ ಯಾಕೆ ಹೇಳ್ತೀರಿ? ಸಾಮಾನು ಬಿದ್ದದ್ದು ಅಂತಲೇ ಬರೆಸಿ" ಎಂದಳು.

ಬರೆಸಿದ್ದು ಅವಳೇ. ಅವಳು ಬಾರದಿದ್ದರೆ ಕಾಗದದ ಮೇಲೆ ನಾನು ಇವತ್ತಿಗೂ ಕಾಲು ಜಾರಿ ಬಿದ್ದವಳು.

ಎಕ್ಸ್-ರೇಯಲ್ಲಿ ಕ್ಲಾವಿಕಲ್ ಎರಡು ತುಂಡಾಗಿತ್ತು. ಕುತ್ತಿಗೆಯ ಕೆಳಗೆ ಭುಜಕ್ಕೆ ಹೋಗುವ ಮೂಳೆ. ಅದು ಕೂಡಿಕೊಳ್ಳುತ್ತದೆ ಎಂದರು, ಸ್ಲಿಂಗ್ ಹಾಕಿದರು. ಮೂಳೆ ಕೂಡಿಕೊಂಡಿತು ಕೂಡ. ಆದರೆ ಸ್ಲಿಂಗ್ ಬಿಚ್ಚಿದ ದಿನ ಕೈ ಭುಜದಿಂದ ಸುಮ್ಮನೆ ಇಳಿಬಿದ್ದಿತು. ಇ.ಎಂ.ಜಿ. ಎಂಬ ಟೆಸ್ಟ್ ಮಾಡಿಸಿದರು, ಸೂಜಿ ಚುಚ್ಚಿ ಕರೆಂಟು ಹಾಯಿಸುವುದು. ನರಗಳ ಗೊಂಚಲಿಗೆ ಪೆಟ್ಟಾಗಿದೆ ಎಂದರು ಡಾಕ್ಟರ್. ಬ್ರೇಕಿಯಲ್ ಪ್ಲೆಕ್ಸಸ್ ಎಂದು ಅದರ ಹೆಸರು. ನರ ಪೂರ್ತಿ ಹರಿದಿಲ್ಲ, ಸ್ವಲ್ಪ ಸ್ವಲ್ಪವೇ ವಾಪಸು ಬರಬಹುದು ಎಂದರು.

ಎಷ್ಟು ಬರುತ್ತದೆ ಎಂದು ಕೇಳಿದೆ.

"ಹೇಳೋಕಾಗಲ್ಲ, ಮಾತಾಜಿ. ಭಾರದ ಕೆಲಸ ಮಾತ್ರ ಮರೆತುಬಿಡಿ."

ಭಾರದ ಕೆಲಸ ಎಂದರೆ ಏನು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅನ್ನದ ತಪ್ಪಲೆ. ಅದನ್ನು ಇಕ್ಕಳದಲ್ಲಿ ಹಿಡಿದು ಓರೆ ಮಾಡಿ ಗಂಜಿ ಬಸಿಯುವುದು. ಹುಳಿಯ ಪಾತ್ರೆಯನ್ನು ಒಲೆಯಿಂದ ಇಳಿಸುವುದು. ಬಾವಿಯ ಕೊಡ ಈಗ ಇಲ್ಲ, ಆದರೆ ಮಡಿನೀರಿನ ಬಿಂದಿಗೆ ಇದೆ. ವಡೆಗೆ ರುಬ್ಬುವುದು, ಪಾಯಸ ತಳ ಹಿಡಿಯದಂತೆ ಸೌಟು ಆಡಿಸುತ್ತಲೇ ಇರುವುದು. ನನಗೆ ಓದು ಹೆಚ್ಚಿಲ್ಲ, ಹಾಡು ಬರುವುದಿಲ್ಲ, ಕಸೂತಿ ಬರುವುದಿಲ್ಲ. ಅಡುಗೆಯೊಂದು ಬರುತ್ತಿತ್ತು. ಐವತ್ತು ಜನ ಕೂತರೂ ಉಪ್ಪು ನೋಡದೆ ಹಾಕುತ್ತಿದ್ದೆ. ಶ್ರಾದ್ಧದ ಅಡುಗೆಯನ್ನು ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಹಾಗಾಗಿ ಆ ಹದವೆಲ್ಲ ಕೈಯಲ್ಲೇ ಇತ್ತು, ನಾಲಿಗೆಯಲ್ಲಿ ಅಲ್ಲ. ಆ ಕೈಯನ್ನೇ ಡಾಕ್ಟರು ಮರೆತುಬಿಡಿ ಎಂದರು. ಮನೆಗೆ ಬಂದು ಅಡುಗೆಮನೆಯ ಹೊಸಿಲ ಮೇಲೆ ಕೂತು ಚೆನ್ನಾಗಿ ಅತ್ತೆ.

ಫಿಸಿಯೋಥೆರಪಿಯಲ್ಲಿ ಗೋಡೆಗೆ ಹೊಡೆದ ಚಿಕ್ಕ ಮರದ ಏಣಿ ಇರುತ್ತದೆ. ಬೆರಳುಗಳಿಂದ ಅದನ್ನು ಹತ್ತಬೇಕು. ನನ್ನ ಬೆರಳುಗಳು ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿದ್ದವು. ಅಲ್ಲಿಂದ ಮೇಲೆ ಹೋಗುವುದಿಲ್ಲ ಎಂದರೆ ಇಲ್ಲ.

ನಮ್ಮವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಘಾಟಿಗೆ ಹೋಗುವ ಮೊದಲು ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದರು. ಸೊಟ್ಟ ಜಡೆ. ದರ್ಭೆ ಹೆಣೆಯುವ ಕೈಗೆ ಜಡೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ ನಗುತ್ತಿದ್ದರು. ಸೆರಗು ಸಿಕ್ಕಿಸುತ್ತಿದ್ದರು. ಕುಂಕುಮ ಇಡುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಆಗುತ್ತಿರಲಿಲ್ಲ. ಅವರು ಆ ಕಡೆ ಹೋದ ಮೇಲೆ ಬರುತ್ತಿತ್ತು.

ಗಾಡಿಯ ಮಾಲೀಕ ಸೇಬು ಹಣ್ಣು, ಮಿಠಾಯಿ ಹಿಡಿದುಕೊಂಡು ನೋಡಲು ಬಂದ. ಇದು ಮನೆಯೊಳಗಿನ ಮಾತು, ಮನೆಯಲ್ಲೇ ಮುಗಿಸೋಣ ಎಂದ. ನಮ್ಮವರೂ ತಲೆಯಾಡಿಸಿದರು. ನಮ್ಮ ಯಾತ್ರಿಕರಿಗೆಲ್ಲ ಗಾಡಿ ಕೊಡುವವನು ಅವನೇ. ಅವನು ಹೋದ ಮೇಲೆ ವೈದೇಹಿ ಕೇಸು ಹಾಕಲೇಬೇಕು ಎಂದು ಹಟ ಹಿಡಿದಳು. ಗಾಡಿಗೆ ಇನ್ಶೂರೆನ್ಸ್ ಇದೆ, ಕೊಡುವವರು ಕಂಪನಿಯವರು, ಮಾಲೀಕನ ಗಂಟೇನೂ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದಳು. ನಮ್ಮವರು ಕೇಳಲಿಲ್ಲ. ಗಂಗೆ ಬಿದ್ದಳು ಎಂದು ಪರಿಹಾರ ಕೇಳಿದರೆ ಜನ ಏನಂದಾರು ಎಂದರು. ನಾನೂ ಸುಮ್ಮನಿದ್ದೆ. ನೋವಿಗಿಂತ ಆ ಜಗಳವೇ ಹೆಚ್ಚಾಗಿತ್ತು ನನಗೆ.

ಮನಸ್ಸು ಬದಲಾದದ್ದು ಕಮಲಮ್ಮ ಬಂದ ಮೇಲೆ.

ಯಾತ್ರಿಕರು ಬರುವುದು ನಿಲ್ಲುತ್ತದೆಯೇ? ಅಡುಗೆಗೆ ಪಕ್ಕದ ಶಿವಾಲ ಬಡಾವಣೆಯಿಂದ ಕಮಲಮ್ಮನನ್ನು ಗೊತ್ತು ಮಾಡಿದರು. ನಮ್ಮ ಕಡೆಯವಳೇ, ನನಗಿಂತ ಸಣ್ಣವಳು, ಕೆಲಸ ಚೊಕ್ಕ. ಮೊದಲ ದಿನ ಊಟ ಮುಗಿದ ಮೇಲೆ ನಮ್ಮವರು ಜಗಲಿಯಲ್ಲಿ ಎಷ್ಟು ಎಲೆ ಬಿತ್ತು ಎಂದು ಕೇಳಿ, ಎಲೆಗೆ ಇಷ್ಟು ಎಂದು ಎಣಿಸಿ ಅವಳ ಕೈಗೆ ಹಾಕಿದರು. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು, "ಬರ್ತೀನಕ್ಕ" ಎಂದು ನನಗೆ ಹೇಳಿ ಮೆಟ್ಟಿಲಿಳಿದು ಹೋದಳು.

ನಾನು ನೋಡುತ್ತಲೇ ಇದ್ದೆ. ಅವಳು ಮಾಡಿದ್ದು ನಾನು ಮಾಡುತ್ತಿದ್ದದ್ದೇ. ಅದೇ ಒಲೆ, ಅದೇ ತಪ್ಪಲೆ. ನನ್ನ ಎಲೆಗಳನ್ನು ಯಾರೂ ಎಣಿಸಿರಲಿಲ್ಲ. ಕೇಳುವುದೂ ನನಗೆ ಹೊಳೆದಿರಲಿಲ್ಲ. ಮನೆಯ ಕೆಲಸ, ಧರ್ಮದ ಕೆಲಸ, ಪಿತೃಗಳ ಕೆಲಸ ಎಂದು ಹೇಳಿಕೊಂಡೇ ಮಾಡಿದ್ದೆ. ನನ್ನ ಕೈ ಹೋದ ಮೇಲೆ ಆ ಕೆಲಸಕ್ಕೆ ಬೆಲೆ ಬಂತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಆ ಭಾನುವಾರ ವೈದೇಹಿ ಬಂದಾಗ, ಕೇಸು ಹಾಕೋಣ, ನಿನಗೆ ಗೊತ್ತಿರುವ ವಕೀಲರನ್ನು ಕರೆಸು ಎಂದೆ.

ವಕೀಲೆ ಇಲ್ಲಿನವಳೇ, ಚಿಕ್ಕ ವಯಸ್ಸು, ಅಂಜಲಿ ಎಂದು ಹೆಸರು. ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದರೆ ಸಾಕು ಎಂದಳು. ನಾನು ಎಡಗೈಯಲ್ಲಿ ಕನ್ನಡದಲ್ಲೇ ಸಹಿ ಹಾಕಿದೆ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ ಬಂತು. ಅವಳು ಒಂದು ವಿಷಯವನ್ನು ಮೂರು ಸಲ ಹೇಳಿದಳು. ಮನೆಯಲ್ಲಿರುವ ಹೆಂಗಸು ಎಂದರೂ ಕೋರ್ಟು ಏನೋ ಒಂದಷ್ಟು ಕೊಡುತ್ತದೆ. ಆದರೆ ಈ ಕೈ ನಿಮ್ಮ ವೃತ್ತಿಯ ಕೈ, ಅದು ಹೋದರೆ ವೃತ್ತಿಯೇ ಹೋಯಿತು ಎಂದು ತೋರಿಸಬೇಕು. ಹಾಗಾಗಿ ಪಂಡಿತ್‌ಜೀ ಸಾಕ್ಷಿ ಹೇಳಬೇಕು, ನೀವು ಅಡುಗೆ ಕೆಲಸದವರು ಎನ್ನಬೇಕು.

ನಮ್ಮವರ ಮುಖ ಕೆಂಪಾಯಿತು. "ನನ್ನ ಹೆಂಡತಿ ಅಡುಗೆಯವಳಲ್ಲ" ಎಂದರು.

ಅವರ ಮಟ್ಟಿಗೆ ಅದು ನನ್ನ ಮರ್ಯಾದೆ ಕಾಪಾಡುವ ಮಾತು. ನಮ್ಮ ಗಲ್ಲಿಯಲ್ಲಿ ಪುರೋಹಿತರ ಹೆಂಡತಿ ಬೇರೆ, ಕೂಲಿಗೆ ಬರುವ ಅಡುಗೆಯವಳು ಬೇರೆ. ಒಬ್ಬಳಿಗೆ ಬಾಗಿನ ಕೊಡುತ್ತಾರೆ, ಇನ್ನೊಬ್ಬಳಿಗೆ ಸಂಬಳ. ಕೋರ್ಟಿನಲ್ಲಿ ನಿಂತು ನನ್ನನ್ನು ಎರಡನೆಯವಳು ಎನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ವಾರಗಟ್ಟಲೆ ಮನೆಯಲ್ಲಿ ಇದೇ ಆಯಿತು. ನಾನು ಕೇಳುವುದು ಬಿಟ್ಟೆ. ಬೆಳಿಗ್ಗೆ ಜಡೆ ಹಾಕಲು ಬಂದರೆ ಕಮಲಮ್ಮ ಹಾಕುತ್ತಾಳೆ ಬಿಡಿ ಎಂದೆ.

ಅವರು ಕೋರ್ಟಿಗೆ ಬಂದರು. ಬರುವುದಿಲ್ಲ ಎನ್ನಲಿಲ್ಲ, ಅಷ್ಟು ಮಟ್ಟಿಗೆ ದೊಡ್ಡವರು. ಅಲ್ಲಿ ಎಲ್ಲ ನಡೆದದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇನ್ಶೂರೆನ್ಸ್ ಕಂಪನಿಯ ವಕೀಲ ಮೊದಲು ಚೀಲದ ವಿಷಯ ಹಿಡಿದ. ಡ್ರೈವರ್ ಡಿಕ್ಕಿಯಲ್ಲಿಡಲು ಹೇಳಿದ್ದನೋ ಇಲ್ಲವೋ ಎಂದು ಕೇಳಿದ. ಹೇಳಿದ್ದ ಎಂದರು ನಮ್ಮವರು. ಮತ್ತೆ ಮೇಲೆ ಇಡಿಸಿದ್ದು ಯಾರು ಎಂದ. ನಾನೇ ಎಂದರು, ಎದೆ ಸೆಟೆಸಿ. ಗಂಗೆಯನ್ನು ಚಪ್ಪಲಿಯ ಜೊತೆ ಇಡಲು ತಮ್ಮಿಂದ ಸಾಧ್ಯವಿಲ್ಲ ಎಂದರು. ನ್ಯಾಯಾಧೀಶರು ಸಣ್ಣಗೆ ನಕ್ಕರು. ನಮ್ಮ ವಕೀಲೆ ಹಣೆ ಒತ್ತಿಕೊಂಡಳು. ಕಿತ್ತ ಕಂಬಿಗೆ ಹಗ್ಗ ಕಟ್ಟಿದ್ದನ್ನೂ ಹೇಳಿ ಎಂದು ಅವಳೇ ನೆನಪಿಸಬೇಕಾಯಿತು, ಆಗ ಅದನ್ನೂ ಹೇಳಿದರು.

ಆಮೇಲೆ ಆ ವಕೀಲ, ನಿಮ್ಮ ಪತ್ನಿ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದ.

"ಏನೂ ಇಲ್ಲ. ಮನೆಯಲ್ಲಿರುತ್ತಾಳೆ. ಪುಣ್ಯಕ್ಷೇತ್ರ ಎಂದು ಜೊತೆಯಲ್ಲಿ ಬಂದಿದ್ದಳು."

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂರುವುದು ಅಭ್ಯಾಸವಾಗಿದೆ.

ಏನೂ ಇಲ್ಲ.

ಗಿಂಡಿಗಳು ಬಿದ್ದಾಗ ಇಷ್ಟು ನೋವಾಗಿರಲಿಲ್ಲ ಎಂದು ಬರೆದರೆ ನಾಟಕದ ಮಾತಾಗುತ್ತದೆ. ಮೂಳೆ ಮುರಿದ ನೋವಿಗೆ ಯಾವುದೂ ಸಮವಲ್ಲ, ಅದನ್ನು ಕಂಡವಳು ನಾನು. ಆದರೆ ಆ ನೋವು ಬೈಯಲು ಯಾರನ್ನೂ ಕೊಟ್ಟಿರಲಿಲ್ಲ. ಇದು ಕೊಟ್ಟಿತು. ಅಲ್ಲಿಂದಲೇ ಎದ್ದು ಹೋಗಿ ಯಾವುದಾದರೂ ರೈಲು ಹತ್ತಿಬಿಡೋಣ ಅನ್ನಿಸಿತು. ಚೀಲ ಎತ್ತಲೂ ಕೈಯಿಲ್ಲದವಳು ಎಲ್ಲಿಗೆ ಹೋಗುವುದು?

ಅಂಜಲಿ ಎದ್ದು ನಿಂತಳು. ಅವಳು ದನಿ ಏರಿಸಲಿಲ್ಲ. ಈಗ ನಿಮ್ಮ ಮನೆಯಲ್ಲಿ ಯಾತ್ರಿಕರಿಗೆ ಅಡುಗೆ ಮಾಡುವವರು ಯಾರು ಎಂದು ಕೇಳಿದಳು. ಕಮಲಮ್ಮ ಎಂದರು ಇವರು. ಅವರು ನಿಮ್ಮ ನೆಂಟರೇ ಎಂದಳು. ಅಲ್ಲ ಎಂದರು.

"ಅವರೂ ಪುಣ್ಯಕ್ಕೆ ಬರುತ್ತಾರಾ, ಪಂಡಿತ್‌ಜೀ?"

ಸುಳ್ಳು ಪ್ರಮಾಣ ಮಾಡುವವರಲ್ಲ ಇವರು, ಏನೂ ಇಲ್ಲ ಎಂದದ್ದೂ ಅವರ ಪಾಲಿಗೆ ಸುಳ್ಳಲ್ಲ. ಆಸ್ಪತ್ರೆಯ ಚೀಟಿಗೆ ಹೇಳಿದ ಸುಳ್ಳು ಬೇರೆ, ಕೈಯೆತ್ತಿ ಪ್ರಮಾಣ ಮಾಡಿದ ಮೇಲೆ ಹೇಳುವುದು ಬೇರೆ ಎಂಬ ವ್ಯತ್ಯಾಸ ಅವರ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಮೇಲುಹೊದಿಕೆ ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ.

"ದುಡ್ಡು ಕೊಡುತ್ತೇನೆ. ಎಲೆ ಲೆಕ್ಕದಲ್ಲಿ."

"ಅವರಿಗಿಂತ ಮೊದಲು ಆ ಕೆಲಸ ಯಾರು ಮಾಡುತ್ತಿದ್ದರು?"

ನ್ಯಾಯಾಧೀಶರು ತಲೆಯೆತ್ತಿ ನೋಡಿದರು.

"ಇವಳೇ" ಎಂದರು ನಮ್ಮವರು.

ಹೊರಗೆ ಬಂದು ಆಟೋ ಹತ್ತಿದೆವು. ಗೋದೌಲಿಯಾದ ಜನಸಂದಣಿಯಲ್ಲಿ ಗಾಡಿ ನಿಂತಾಗ ರಸ್ತೆ ನೋಡುತ್ತಲೇ ಹೇಳಿದರು: "ನಾಲ್ಕು ಜನರ ಎದುರು ನಿನ್ನನ್ನು ಅಡುಗೆಯವಳು ಮಾಡಿಬಿಟ್ಟರಲ್ಲೇ."

"ಮಾಡಿದ್ದು ಅವರಲ್ಲ ಕಣ್ರಿ. ಅವರು ಕೇಳಿದ್ದು ಅಷ್ಟೇ."



ಆಮೇಲೆ ಕಂಪನಿಯವರೇ ರಾಜಿಗೆ ಬಂದರು. ಚೀಲ ಮೇಲಿಟ್ಟದ್ದಕ್ಕೆ ಒಂದಿಷ್ಟು ಕಡಿತವಾಯಿತು. ಗಂಗೆಯ ಮರ್ಯಾದೆಗೆ ನಾವು ತೆತ್ತದ್ದು ಎಂದುಕೊಂಡೆ. ಆದೇಶವನ್ನು ವೈದೇಹಿ ನನಗೆ ಓದಿ ಹೇಳಿದಳು. ಅದರಲ್ಲಿ ನನ್ನ ಹೆಸರಿನ ಮುಂದೆ ವೃತ್ತಿ ಅಡುಗೆ ಎಂದಿತ್ತು. ಅದನ್ನು ಇನ್ನೊಂದು ಸಲ ಓದಿಸಿಕೊಂಡೆ. ದುಡ್ಡು ನನ್ನ ಹೆಸರಿನ ಖಾತೆಗೆ ಬಂತು. ನಮ್ಮ ಗಲ್ಲಿಯ ಹೆಂಗಸರಲ್ಲಿ ಕೆಲವರು ಒಳ್ಳೆಯದಾಯಿತು ಎಂದರು. ಕೆಲವರು ಗಂಗೆಯ ಹೆಸರಲ್ಲಿ ಸಿಕ್ಕಿದ್ದು, ಗಂಗಾಪೂಜೆ ಮಾಡಿಸಿಬಿಡಿ ಎಂದು ಸಲಹೆ ಕೊಟ್ಟರು. ನೋಡೋಣ ಎಂದಿದ್ದೇನೆ. ಮಾಡಿಸುವುದಿಲ್ಲ. ಫಿಸಿಯೋಥೆರಪಿಗೆ ಬೇಕು ಅದು.

ಕೈ ಈಗ ಕತ್ತಿನವರೆಗೆ ಬರುತ್ತದೆ. ಲೋಟ ಹಿಡಿಯುತ್ತೇನೆ. ಚಳಿಯ ದಿನಗಳಲ್ಲಿ ಬೆರಳುಗಳಿಗೆ ಜೋಮು ಹಿಡಿಯುತ್ತದೆ. ತಪ್ಪಲೆ ಎತ್ತಲಾರೆ, ಇನ್ನು ಎತ್ತುವುದೂ ಇಲ್ಲ ಎಂದು ಡಾಕ್ಟರು ಈ ಸಲ ಸ್ಪಷ್ಟವಾಗಿಯೇ ಹೇಳಿದರು. ಪೆಟ್ಟು ಎರಡು ಬೆರಳು ಈಚೆಗೆ ಬಿದ್ದಿದ್ದರೆ ಕುತ್ತಿಗೆ ಹೋಗುತ್ತಿತ್ತು ಎಂದೂ ಹೇಳಿದರು. ಬದುಕಿದ್ದೇನೆ, ನಡೆಯುತ್ತೇನೆ, ಮಗಳ ಜೊತೆ ಜಗಳವಾಡುತ್ತೇನೆ. ಅದಕ್ಕೆ ಕೃತಜ್ಞತೆ ಇದೆ. ಯಾರಿಗೆ ಎಂದು ಕೇಳಬೇಡಿ.

ಈಗ ಯಾತ್ರಿಕರ ಜೊತೆ ಮೊದಲ ಪಂಕ್ತಿಯಲ್ಲೇ ನನಗೂ ಎಲೆ ಹಾಕುತ್ತಾರೆ. ಬಡಿಸಲಾಗದವಳು ಸುಮ್ಮನೆ ನಿಂತು ಏನು ಮಾಡುವುದು ಎಂದು ನಮ್ಮವರೇ ಹೇಳಿದರು. ಮೊದಲ ಸಲ ಹಾಗೆ ಕೂತ ದಿನ ಸಾರು ಬಾಯಿ ಸುಟ್ಟಿತು. ಬಿಸಿ ಸಾರು ಹೀಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಈ ಮನೆಯಲ್ಲಿ ಅಡುಗೆ ಮಾಡಿದವಳ ಎಲೆ ಯಾವಾಗಲೂ ಕೊನೆಗೆ, ಅಷ್ಟು ಹೊತ್ತಿಗೆ ಎಲ್ಲ ಆರಿರುತ್ತದೆ, ಹಪ್ಪಳ ಮುಗಿದಿರುತ್ತದೆ. ನನ್ನದೇ ಸಾರಿನ ಬಿಸಿ ರುಚಿ ನನಗೆ ಗೊತ್ತೇ ಇರಲಿಲ್ಲ ಎಂದು ಆ ದಿನ ಅನ್ನಿಸಿತು.

ಯಾತ್ರಿಕರು ಎದ್ದು ಕೈ ತೊಳೆದು ಮಹಡಿಗೆ ಹೋದರು. ಅಡುಗೆಮನೆಯಲ್ಲಿ ಕಮಲಮ್ಮ ಗೋಡೆಯ ಕಡೆ ಮುಖ ಮಾಡಿ ಕೂತು, ತಳದ ಅನ್ನವನ್ನು ಎಲೆಗೆ ಕೆರೆದುಕೊಳ್ಳುತ್ತಿದ್ದಳು. ನಮ್ಮವರು ಎಲೆಯಡಿಕೆಯ ತಟ್ಟೆ ಹಿಡಿದುಕೊಂಡು ಜಗಲಿಗೆ ಹೊರಟಿದ್ದರು.

"ರೀ" ಎಂದೆ. "ಆ ಸಾರು ಆರಿದೆ. ಬಿಸಿ ಮಾಡಿ ಅವಳಿಗೆ ಬಡಿಸಿ. ನನಗೆ ಪಾತ್ರೆ ಎತ್ತೋಕಾಗಲ್ಲ. ನಿಮ್ಮ ಕೈ ಎರಡೂ ನೆಟ್ಟಗಿವೆ."

ಕಮಲಮ್ಮ ಬೇಡಿ ಬೇಡಿ ಎಂದು ಏಳಹೋದಳು. ಕೂತ್ಕೋ ಎಂದೆ. ನಮ್ಮವರು ತಟ್ಟೆಯನ್ನು ಗೂಡಿನಲ್ಲಿಟ್ಟು ಒಳಗೆ ಬಂದು, ಒಲೆಯ ಮುಂದೆ ನಿಂತು ಆಚೆ ಈಚೆ ನೋಡಿ, ಬೆಂಕಿಪೊಟ್ಟಣ ಎಲ್ಲಿದೆ ಎಂದು ನನ್ನನ್ನು ಕೇಳಿದರು.